ಗುಣವಾದ ಮೇಲಿನ ತೊಂಬತ್ತು ದಿನಗಳು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ನಮ್ಮ ಹಿಂದಿನವರು ಎಡೆದೊರೆ ನಾಡೆಂದು ಕರೆಯುತ್ತಿದ್ದರು. ಇಂದಿನ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ಈ ನಾಡಿನಲ್ಲಿಯೇ ಇವೆ. ಸಿಂಧನೂರಿನ ಸುತ್ತಮುತ್ತಲ ಬಯಲು ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುತ್ತದೆ. ಮಸ್ಕಿಯು ೧೯೧೫ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನದಿಂದ ಚರಿತ್ರೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾಗಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯುಂಟು. ಈ ಮೂರು ಕಡೆಗಳಲ್ಲಿಯೂ ಹೆಚ್ಚಿನ ಜನರು ಮೈಮುರಿದು ಬಿಸಿಲಿನಲ್ಲಿ ದುಡಿಯುವವರು. ಬೇಸಗೆಯಲ್ಲಿ ಇಲ್ಲಿಯ ಉಷ್ಣತೆಯು ೪೦ ಡಿಗ್ರಿ ಸೆಲ್ಸಿಯಸನ್ನು ದಾಟುವುದು ಅಪರೂಪವೇನಲ್ಲ.

ಇಂತಹ ನಾಡಿನಲ್ಲಿ ಮೂರು ವಿಪತ್ತುಗಳು ಮೇಲಿಂದ ಮೇಲೆ ತಲೆದೋರುತ್ತವೆ. ಮೊದಲನೆಯದು, ಬೆವರಾಗಿ ಹೋದ ನೀರನ್ನು ತುಂಬಿಕೊಳ್ಳದೆ ದಿನವಿಡೀ ದುಡಿಯುವುದು. ಎರಡನೆಯದು, ಕೆಟ್ಟ ನೀರಿನಿಂದ ಬರುವ ವಾಂತಿಭೇದಿ. ೨೦೨೨ರಲ್ಲಿ ರಾಯಚೂರು ನಗರದಲ್ಲಿ ಕಲುಷಿತವಾದ ಕುಡಿಯುವ ನೀರಿನಿಂದ ಅನೇಕರು ಕಾಯಿಲೆ ಬಿದ್ದು, ಕೆಲವರು ಮರಣ ಹೊಂದಿದುದನ್ನು ವಾಚಕರು ಮರೆತಿರಲಾರರು. ಮೂರನೆಯದು, ಗದ್ದೆಯ ಬದುಗಳಲ್ಲಿ ಇಲಿಗಳನ್ನರಸಿ ಬರುವ ಕೊಳಕುಮಂಡಲದ ಕಡಿತ. ಈ ಮೂರರ ಪೆಟ್ಟೂ ಕಡೆಗೆ ಒಂದೇ ಅಂಗದ ಮೇಲೆ ಬೀಳಬಹುದು. ಆ ಅಂಗವೇ ಮೂತ್ರಪಿಂಡ.

ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಮೂತ್ರಪಿಂಡಗಳ ಕೆಲಸವು ಕುಸಿದುಬೀಳುವುದನ್ನು ಅವುಗಳ ಹಠಾತ್ ಘಾತವೆಂದು ಕರೆಯೋಣ. ತಕ್ಕ ಚಿಕಿತ್ಸೆ ದೊರೆತರೆ ಬಹುಮಂದಿ ಇದರಿಂದ ಪಾರಾಗುತ್ತಾರೆ. ನಮ್ಮ ಲೇಖನವು ಪ್ರಾರಂಭವಾಗುವುದು ಅವರು ಪಾರಾಗಿ ಮನೆಗೆ ಬಂದ ದಿನದಿಂದ. “ಮೂತ್ರ ಬಂದಿತು, ರಕ್ತದ ಲೆಕ್ಕ ಸರಿಯಾಯಿತು, ಇನ್ನು ಭಯವಿಲ್ಲ” ಎಂದು ರೋಗಿಯೂ ಮನೆಯವರೂ ನಂಬುತ್ತಾರೆ. ಈ ನಂಬಿಕೆಯು ಎಷ್ಟರಮಟ್ಟಿಗೆ ಸರಿ? ಇದು ವೈದ್ಯಶಾಸ್ತ್ರದ ಪ್ರಶ್ನೆಯಾದರೂ ಇದರ ಉತ್ತರದಲ್ಲಿ ಬಹುಭಾಗವು ಹೈಸ್ಕೂಲಿನ ಗಣಿತದಿಂದಲೂ ಭೌತವಿಜ್ಞಾನದಿಂದಲೂ ದೊರೆಯುತ್ತದೆ.

ಮೂತ್ರಪಿಂಡದ ಕೆಲಸ

ಬೆನ್ನುಮೂಳೆಯ ಎರಡೂ ಪಕ್ಕಗಳಲ್ಲಿ, ಹೊಟ್ಟೆಯ ಹಿಂಭಾಗದಲ್ಲಿ, ಹುರುಳಿಕಾಯಿಯ ಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಒಂದೊಂದರ ತೂಕವು ಸುಮಾರು ೧೫೦ ಗ್ರಾಂ. ದೇಹದ ತೂಕದಲ್ಲಿ ಇವೆರಡರ ಪಾಲು ನೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಆದರೆ ಹೃದಯವು ಹೊರದೂಡುವ ರಕ್ತದಲ್ಲಿ ಐದನೆಯ ಒಂದು ಭಾಗವು, ಎಂದರೆ ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕಿದ ರಕ್ತವು, ಇವುಗಳ ಮೂಲಕ ಹರಿಯುತ್ತದೆ.

ಪ್ರತಿಯೊಂದು ಮೂತ್ರಪಿಂಡದಲ್ಲಿಯೂ ನೆಫ್ರಾನ್ ಎಂಬ ಸೂಕ್ಷ್ಮ ಘಟಕಗಳು ಸುಮಾರು ಹತ್ತು ಲಕ್ಷವಿವೆ. ಒಂದು ನೆಫ್ರಾನಿನಲ್ಲಿ ಎರಡು ಮುಖ್ಯ ಭಾಗಗಳು. ಮೊದಲನೆಯದು ಅತಿ ಸಣ್ಣ ರಕ್ತನಾಳಗಳ ಒಂದು ಗೊಂಚಲು. ಇದು ಜರಡಿಯಂತೆ ಕೆಲಸ ಮಾಡುತ್ತದೆ. ರಕ್ತದ ಒತ್ತಡದಿಂದಾಗಿ ನೀರೂ ಸಣ್ಣ ಅಣುಗಳೂ ಇದರ ಮೂಲಕ ಹೊರಬೀಳುತ್ತವೆ. ರಕ್ತಕಣಗಳೂ ಆಲ್ಬುಮಿನ್‌ನಂತಹ ದೊಡ್ಡ ಪ್ರೋಟೀನುಗಳೂ ಒಳಗೇ ಉಳಿಯುತ್ತವೆ. ಎರಡನೆಯದು ಉದ್ದವಾದ, ಅಂಕುಡೊಂಕಾದ ಒಂದು ನಳಿಕೆ. ಶೋಧಿತವಾದ ದ್ರವವು ಇದರಲ್ಲಿ ಹರಿಯುವಾಗ ದೇಹಕ್ಕೆ ಬೇಕಾದ ನೀರು, ಲವಣ, ಸಕ್ಕರೆಗಳನ್ನು ನಳಿಕೆಯ ಜೀವಕೋಶಗಳು ಹಿಂದಕ್ಕೆ ಹೀರಿಕೊಳ್ಳುತ್ತವೆ.

ಆರೋಗ್ಯವಂತನಾದ ಯುವಕನಲ್ಲಿ ಎಲ್ಲ ಜರಡಿಗಳೂ ಸೇರಿ ನಿಮಿಷಕ್ಕೆ ಸುಮಾರು ೧೨೦ ಮಿಲಿಲೀಟರು ದ್ರವವನ್ನು ಶೋಧಿಸುತ್ತವೆ. ಇದಕ್ಕೆ ಶೋಧನ ದರವೆಂದು ಹೆಸರಿಡೋಣ. ದಿನವೊಂದಕ್ಕೆ ೧,೪೪೦ ನಿಮಿಷಗಳಾದುದರಿಂದ ಒಟ್ಟು ಶೋಧನೆಯು ಸುಮಾರು ೧೭೩ ಲೀಟರು ಆಗುತ್ತದೆ! ಇದರಲ್ಲಿ ನೂರಕ್ಕೆ ೯೯ರಷ್ಟು ಹಿಂದಕ್ಕೆ ಹೋಗಿ, ಉಳಿದ ಒಂದೂಮುಕ್ಕಾಲು ಲೀಟರು ಮಾತ್ರ ಮೂತ್ರವಾಗುತ್ತದೆ. ನಮಗೆ ಕಾಣುವುದು ಈ ಒಂದು ಭಾಗ ಮಾತ್ರ. ಶೋಧನೆಯ ಮಹಾಕಾರ್ಯವು ಕಣ್ಣಿಗೆ ಬೀಳದೆ ನಡೆಯುತ್ತದೆ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಘಾತವೆಂದರೇನು?

ಹಿಂದಕ್ಕೆ ಹೀರುವ ಕೆಲಸಕ್ಕೆ ಅಪಾರವಾದ ಶಕ್ತಿ ಬೇಕು, ಶಕ್ತಿಗೆ ಆಕ್ಸಿಜನ್ ಬೇಕು. ಆದರೆ ಮೂತ್ರಪಿಂಡದ ಒಳಭಾಗದಲ್ಲಿ ಆಕ್ಸಿಜನ್ನಿನ ಪೂರೈಕೆ ಮೊದಲೇ ಅಷ್ಟಕ್ಕಷ್ಟೆ. ಬೆವರಿನಿಂದಲೋ ವಾಂತಿಭೇದಿಯಿಂದಲೋ ದೇಹದ ನೀರು ಬತ್ತಿ ರಕ್ತದ ಹರಿವು ಕುಗ್ಗಿದಾಗ ನಳಿಕೆಯ ಕೋಶಗಳು ಮೊದಲು ಬಳಲುತ್ತವೆ, ಬಳಿಕ ಸಾಯತೊಡಗುತ್ತವೆ. ಕೊಳಕುಮಂಡಲದ ವಿಷವು ರಕ್ತದ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸಿ, ಸಣ್ಣ ನಾಳಗಳನ್ನು ಕಟ್ಟಿಸಿ, ನಳಿಕೆಗಳಿಗೆ ನೇರವಾಗಿಯೂ ಹಾನಿ ಮಾಡುತ್ತದೆ. ಪ್ರತಿವಿಷವು ರಕ್ತದಲ್ಲಿ ಹರಿದಾಡುತ್ತಿರುವ ವಿಷವನ್ನು ತಟಸ್ಥಗೊಳಿಸಬಲ್ಲುದು. ಆದರೆ ಆಗಲೇ ಸತ್ತ ಕೋಶಗಳನ್ನು ಅದು ಬದುಕಿಸಲಾರದು. ಆದುದರಿಂದಲೇ ಹಾವು ಕಡಿದವನನ್ನು ಆಸ್ಪತ್ರೆಗೆ ಒಯ್ಯುವುದರಲ್ಲಿ ಪ್ರತಿ ಗಂಟೆಗೂ ಬೆಲೆಯುಂಟು.

ಈ ಕಾಯಿಲೆಯ ಚರಿತ್ರೆಯಲ್ಲಿ ೧೯೪೧ನೆಯ ವರ್ಷ ಮುಖ್ಯವಾದುದು. ಲಂಡನ್ ನಗರದ ಮೇಲೆ ಬಾಂಬುಗಳು ಬಿದ್ದು, ಕುಸಿದ ಮನೆಗಳ ಅಡಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದ ಜನರನ್ನು ಹೊರತೆಗೆದಾಗ ಅವರು ಮೊದಲು ಚೆನ್ನಾಗಿಯೇ ಕಾಣುತ್ತಿದ್ದರು. ಕೆಲವೇ ದಿನಗಳಲ್ಲಿ ಅವರ ಮೂತ್ರವು ನಿಂತು ಸಾಯುತ್ತಿದ್ದರು. ಜಜ್ಜಿಹೋದ ಮಾಂಸಖಂಡಗಳಿಂದ ಮೂತ್ರಪಿಂಡಗಳು ಹೇಗೆ ಕೆಡುತ್ತವೆ ಎಂಬುದನ್ನು ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು ಆ ವರ್ಷ ವರ್ಣಿಸಿದರು. ೧೯೪೩ರಲ್ಲಿ ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯನು ಸೆಲೊಫೇನ್ ಕೊಳವೆಯನ್ನು ಒಂದು ಉರುಳೆಗೆ ಸುತ್ತಿ, ಅದರಲ್ಲಿ ರೋಗಿಯ ರಕ್ತವನ್ನು ಹರಿಸಿ, ಲವಣದ್ರಾವಣದಲ್ಲಿ ಉರುಳಿಸುವ ಕೃತಕ ಮೂತ್ರಪಿಂಡವನ್ನು ಉಪಯೋಗಕ್ಕೆ ತಂದನು. ರಕ್ತದಲ್ಲಿನ ಕಲ್ಮಷವು ಕೊಳವೆಯ ಸೂಕ್ಷ್ಮರಂಧ್ರಗಳ ಮೂಲಕ ದ್ರಾವಣಕ್ಕೆ ವಿಸರಣಗೊಳ್ಳುತ್ತಿತ್ತು. ೧೯೪೫ರಲ್ಲಿ ಈ ಯಂತ್ರದಿಂದ ಮೊದಲ ಬಾರಿಗೆ ಒಬ್ಬ ರೋಗಿಯು ಬದುಕಿ ಉಳಿದಳು. ಇಂದಿನ ಡಯಾಲಿಸಿಸ್ ಯಂತ್ರಗಳೆಲ್ಲ ಅದರ ಸಂತತಿ.

ಯಂತ್ರವು ರೋಗಿಗೆ ಕಾಲಾವಕಾಶವನ್ನು ದೊರಕಿಸಿಕೊಡುತ್ತದೆ. ಆ ಅವಧಿಯಲ್ಲಿ ಬದುಕುಳಿದ ನಳಿಕೆಯ ಕೋಶಗಳು ಒಡೆದು ಎರಡಾಗಿ, ಎರಡು ನಾಲ್ಕಾಗಿ, ಬೋಳಾದ ಗೋಡೆಯನ್ನು ಮತ್ತೆ ಮುಚ್ಚುತ್ತವೆ. ಪ್ರಕೃತಿಯ ಈ ದುರಸ್ತಿಕಾರ್ಯ ಆಶ್ಚರ್ಯಕರವಾದುದು. ಆದರೆ ಒಂದು ನೆಫ್ರಾನು ಪೂರ್ತಿಯಾಗಿ ನಾಶವಾದರೆ ಅದರ ಸ್ಥಾನದಲ್ಲಿ ಹೊಸದೊಂದು ಹುಟ್ಟುವುದಿಲ್ಲ. ಹುಟ್ಟುವಾಗ ತಂದ ಬಂಡವಾಳವನ್ನೇ ನಾವು ಜೀವಮಾನವೆಲ್ಲ ಖರ್ಚು ಮಾಡಬೇಕು.

ಕೆರೆ ಮತ್ತು ತೂಬು

ಒಳಗೆ ನಡೆಯುವ ಶೋಧನೆಯನ್ನು ಹೊರಗಿನಿಂದ ಅಳೆಯುವುದು ಹೇಗೆ? ನಮ್ಮ ಮಾಂಸಖಂಡಗಳಲ್ಲಿ ಕ್ರಿಯಾಟಿನಿನ್ ಎಂಬ ವಸ್ತುವು ದಿನವೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಉತ್ಪತ್ತಿಯಾಗಿ ರಕ್ತಕ್ಕೆ ಸೇರುತ್ತದೆ. ಅದು ಹೊರಹೋಗುವುದು ಬಹುಮಟ್ಟಿಗೆ ಶೋಧನೆಯ ಮೂಲಕ. ೧೮೮೬ರಲ್ಲಿ ಮ್ಯಾಕ್ಸ್ ಯಾಫೆ ಎಂಬ ವಿಜ್ಞಾನಿಯು ಕ್ಷಾರದ್ರಾವಣದಲ್ಲಿ ಪಿಕ್ರಿಕ್ ಆಮ್ಲದೊಡನೆ ಕ್ರಿಯಾಟಿನಿನ್ ಕಿತ್ತಳೆಗೆಂಪು ಬಣ್ಣ ಕೊಡುವುದನ್ನು ಕಂಡುಹಿಡಿದನು. ಈ ಬಣ್ಣವು ಎಷ್ಟು ಬೆಳಕನ್ನು ಹೀರುತ್ತದೆಂಬುದನ್ನು ಅಳೆದು ಕ್ರಿಯಾಟಿನಿನ್ ಎಷ್ಟಿದೆಯೆಂದು ಹೇಳುವ ವಿಧಾನವು ಇಂದಿಗೂ ನಮ್ಮ ಅನೇಕ ಪ್ರಯೋಗಶಾಲೆಗಳಲ್ಲಿ ಬಳಕೆಯಲ್ಲಿದೆ.

ರಕ್ತವನ್ನು ಒಂದು ಕೆರೆಯೆಂದು ಭಾವಿಸೋಣ. ಹಳ್ಳದಿಂದ ಒಳಬರುವ ನೀರು ಕ್ರಿಯಾಟಿನಿನ್ನಿನ ಉತ್ಪತ್ತಿ. ತೂಬಿನ ಬಾಯಿ ಮೂತ್ರಪಿಂಡದ ಶೋಧನ ದರ. ಕೆರೆಯ ಮಟ್ಟ ಹೆಚ್ಚಿದಷ್ಟೂ ತೂಬಿನಿಂದ ಹೊರಹೋಗುವ ನೀರೂ ಹೆಚ್ಚುತ್ತದೆ. ಬಂದಷ್ಟೇ ನೀರು ಹೊರಹೋಗುವಾಗ ಮಟ್ಟವು ಸ್ಥಿರವಾಗುತ್ತದೆ. ತೂಬಿನ ಬಾಯನ್ನು ಅರ್ಧಕ್ಕೆ ಮುಚ್ಚಿದರೆ, ಹೊರಹರಿವು ಮತ್ತೆ ಒಳಹರಿವಿಗೆ ಸಮನಾಗುವವರೆಗೂ ಮಟ್ಟವು ಏರುತ್ತದೆ. ಕ್ರಿಯಾಟಿನಿನ್ನಿನ ವಿಷಯದಲ್ಲಿ ಈ ನಿಯಮವು ಬಹು ಸರಳವಾಗಿದೆ:

ಸಾಂದ್ರತೆ = ದಿನದ ಉತ್ಪತ್ತಿ ÷ ದಿನದ ಶೋಧನೆ

ಅರವತ್ತು ಕಿಲೋ ತೂಕದ, ಹೊಲದಲ್ಲಿ ದುಡಿಯುವ ಒಬ್ಬ ಯುವಕನನ್ನು ಕಲ್ಪಿಸಿಕೊಳ್ಳೋಣ. ಅವನಲ್ಲಿ ದಿನಕ್ಕೆ ೧,೨೦೦ ಮಿಲಿಗ್ರಾಂ ಕ್ರಿಯಾಟಿನಿನ್ ಉತ್ಪತ್ತಿಯಾಗಲಿ. ಶೋಧನೆ ನಿಮಿಷಕ್ಕೆ ೧೨೦ ಮಿಲಿಲೀಟರು, ಎಂದರೆ ದಿನಕ್ಕೆ ೧,೭೨೮ ಡೆಸಿಲೀಟರು. ಒಂದು ಡೆಸಿಲೀಟರೆಂದರೆ ಲೀಟರಿನ ಹತ್ತನೆಯ ಒಂದು ಭಾಗ. ಭಾಗಿಸಿದರೆ ಡೆಸಿಲೀಟರಿಗೆ ೦.೭ ಮಿಲಿಗ್ರಾಂ ಎಂದು ಬರುತ್ತದೆ. ಶೋಧನೆಯನ್ನು ಕಡಿಮೆ ಮಾಡುತ್ತ ಹೋದರೆ ದೊರೆಯುವ ಬೆಲೆಗಳಿವು:

ಶೋಧನೆ ೧೨೦ ಆದಾಗ ಕ್ರಿಯಾಟಿನಿನ್ ೦.೭
ಶೋಧನೆ ೬೦ ಆದಾಗ ಕ್ರಿಯಾಟಿನಿನ್ ೧.೪
ಶೋಧನೆ ೩೦ ಆದಾಗ ಕ್ರಿಯಾಟಿನಿನ್ ೨.೮
ಶೋಧನೆ ೧೫ ಆದಾಗ ಕ್ರಿಯಾಟಿನಿನ್ ೫.೬

ವಿದ್ಯಾರ್ಥಿಗಳು ಈ ಬೆಲೆಗಳನ್ನು ಗ್ರಾಫ್ ಕಾಗದದ ಮೇಲೆ ಗುರುತಿಸಿ ನೋಡಬೇಕು. ವಿಲೋಮಾನುಪಾತದ ಪರಿಚಿತ ವಕ್ರರೇಖೆ ಬರುತ್ತದೆ. ಅದರ ಒಂದು ತುದಿ ಬಹುಮಟ್ಟಿಗೆ ಚಪ್ಪಟೆ, ಇನ್ನೊಂದು ತುದಿ ಕಡಿದಾದ ಏರು. ಈ ಆಕಾರದಲ್ಲಿಯೇ ನಮ್ಮ ಕಥೆಯ ತಿರುಳು ಅಡಗಿದೆ.

ನಾಲ್ಕು ಭ್ರಮೆಗಳು

ಮೊದಲನೆಯ ಭ್ರಮೆ ಚಪ್ಪಟೆಯಾದ ತುದಿಯದು. ಪ್ರಯೋಗಶಾಲೆಯ ವರದಿಯಲ್ಲಿ ಗಂಡಸರಿಗೆ ೧.೩ರವರೆಗಿನ ಬೆಲೆಯು ಸಾಮಾನ್ಯವೆಂದು ಮುದ್ರಿಸಿರುವುದುಂಟು. ನಮ್ಮ ಯುವಕನು ಅರ್ಧದಷ್ಟು ಶೋಧನಶಕ್ತಿಯನ್ನು ಕಳೆದುಕೊಂಡಾಗಲೂ ಅವನ ಸಂಖ್ಯೆಯು ಈ ಗೆರೆಯನ್ನು ಆಗತಾನೇ ದಾಟಿರುತ್ತದೆ. ಅವನ ಹಿಂದಿನ ಬೆಲೆ ೦.೭ ಎಂಬುದು ಗೊತ್ತಿಲ್ಲದಿದ್ದರೆ, ೧.೨ ಎಂಬ ವರದಿಯನ್ನು ನೋಡಿದವರು ಸಂತೋಷದಿಂದ ಮನೆಗೆ ಹೋಗುತ್ತಾರೆ.

ಎರಡನೆಯದು ಕಾಲದ ಭ್ರಮೆ. ತೂಬು ಮುಚ್ಚಿದೊಡನೆ ಕೆರೆ ತುಂಬುವುದಿಲ್ಲ. ನಮ್ಮ ಯುವಕನ ದೇಹದಲ್ಲಿ ಸುಮಾರು ೩೬ ಲೀಟರು ನೀರಿದೆ. ಅದನ್ನು ದಿನಕ್ಕೆ ೧೭೩ ಲೀಟರಿನ ದರದಿಂದ ಭಾಗಿಸಿದರೆ ಸುಮಾರು ಐದು ಗಂಟೆಗಳೆಂಬ ಒಂದು ಕಾಲಮಾನ ದೊರೆಯುತ್ತದೆ. ಶೋಧನೆಯು ಕಾಲುಭಾಗಕ್ಕೆ ಇಳಿದಾಗ ಈ ಕಾಲಮಾನವು ಇಪ್ಪತ್ತು ಗಂಟೆಗಳಾಗುತ್ತದೆ. ಹೊಸ ಮಟ್ಟವನ್ನು ಸಮೀಪಿಸಲು ಇಂತಹ ಮೂರು ನಾಲ್ಕು ಅವಧಿಗಳು, ಎಂದರೆ ಸುಮಾರು ಮೂರು ದಿನಗಳು ಬೇಕು. ಆದುದರಿಂದ ಮೊದಲ ದಿನದ ಸಂಖ್ಯೆಯು ಹಾನಿಯನ್ನು ಕಡಿಮೆಯಾಗಿ ತೋರಿಸುತ್ತದೆ. ಸಂಖ್ಯೆಯು ಏರುತ್ತಲೋ ಇಳಿಯುತ್ತಲೋ ಇರುವಾಗ, ವರದಿಗಳಲ್ಲಿ ವಯಸ್ಸು ಮತ್ತು ಲಿಂಗಗಳಿಂದ ಲೆಕ್ಕಹಾಕಿ ಕೊಡುವ ಅಂದಾಜು ಶೋಧನ ದರವನ್ನು ನೆಚ್ಚಬಾರದು. ೨೦೧೨ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಬದಲಾವಣೆಗೇ ಪ್ರಾಮುಖ್ಯವನ್ನು ಕೊಟ್ಟಿದೆ. ಕ್ರಿಯಾಟಿನಿನ್ ೪೮ ಗಂಟೆಗಳಲ್ಲಿ ೦.೩ರಷ್ಟು ಏರಿದರೆ, ಅಥವಾ ಏಳು ದಿನಗಳಲ್ಲಿ ಒಂದೂವರೆ ಪಟ್ಟಾದರೆ, ಅಥವಾ ಆರು ಗಂಟೆಗಳ ಕಾಲ ಮೂತ್ರವು ತೂಕದ ಪ್ರತಿ ಕಿಲೋವಿಗೆ ಗಂಟೆಗೆ ಅರ್ಧ ಮಿಲಿಲೀಟರಿಗಿಂತ ಕಡಿಮೆಯಾದರೆ ಅದನ್ನು ಹಠಾತ್ ಘಾತವೆಂದು ಎಣಿಸಬೇಕು.

ಮೂರನೆಯದು ಮೂತ್ರದ ಪ್ರಮಾಣದ ಭ್ರಮೆ. ಜನಸಾಮಾನ್ಯರಲ್ಲಿ ಇದೇ ಎಲ್ಲಕ್ಕಿಂತ ಬಲವಾದುದು. ಶೋಧನೆಯು ನಿಮಿಷಕ್ಕೆ ೧೫ ಮಿಲಿಲೀಟರಿಗೆ ಕುಸಿದಿದೆಯೆಂದಿಟ್ಟುಕೊಳ್ಳಿ. ದಿನದ ಒಟ್ಟು ಶೋಧನೆಯು ೨೧.೬ ಲೀಟರು. ಪೆಟ್ಟುತಿಂದ ನಳಿಕೆಗಳು ನೂರಕ್ಕೆ ೯೯ರ ಬದಲು ೯೩ರಷ್ಟನ್ನು ಮಾತ್ರ ಹಿಂದಕ್ಕೆ ಹೀರಿದರೆ ಒಂದೂವರೆ ಲೀಟರು ಮೂತ್ರ ಬರುತ್ತದೆ! ಆರೋಗ್ಯವಂತನಷ್ಟೇ ಮೂತ್ರ. ಆದರೆ ಕಲ್ಮಷವನ್ನು ಹೊರಹಾಕುವ ಶಕ್ತಿ ಎಂಟರಲ್ಲಿ ಒಂದು ಭಾಗ. ಚೇತರಿಕೆಯ ಕಾಲದಲ್ಲಿ ಇದರ ಇನ್ನೊಂದು ಮುಖವೂ ಕಾಣುತ್ತದೆ. ಜರಡಿಗಳು ಬೇಗ ಚೇತರಿಸಿಕೊಂಡು ಶೋಧನೆಯು ೬೦ಕ್ಕೆ ಬಂದು, ನಳಿಕೆಗಳು ಮಾತ್ರ ಇನ್ನೂ ೯೬ರಷ್ಟನ್ನೇ ಹೀರುತ್ತಿದ್ದರೆ ದಿನಕ್ಕೆ ಮೂರೂವರೆ ಲೀಟರು ಮೂತ್ರ ಹೋಗುತ್ತದೆ. ನೋಡಿದವರು ಒಳ್ಳೆಯ ಲಕ್ಷಣವೆಂದು ಹಿಗ್ಗುತ್ತಾರೆ. ರೋಗಿಯಾದರೋ ನೀರನ್ನೂ ಲವಣಗಳನ್ನೂ ಕಳೆದುಕೊಂಡು ಮತ್ತೆ ಅದೇ ಹಳ್ಳಕ್ಕೆ ಬೀಳಬಹುದು.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಮೂರು ವಾರ ಹಾಸಿಗೆ ಹಿಡಿದ ಮನುಷ್ಯನ ಮಾಂಸಖಂಡಗಳು ಕರಗುತ್ತವೆ. ಮಾಂಸಖಂಡ ಕರಗಿದರೆ ಕ್ರಿಯಾಟಿನಿನ್ನಿನ ಉತ್ಪತ್ತಿಯೂ ಕುಗ್ಗುತ್ತದೆ. ನಮ್ಮ ಯುವಕನ ಉತ್ಪತ್ತಿಯು ೧,೨೦೦ರಿಂದ ೮೦೦ ಮಿಲಿಗ್ರಾಮಿಗೆ ಇಳಿದಿರಲಿ. ಅವನ ಶೋಧನೆಯೂ ೧೨೦ರಿಂದ ೮೦ಕ್ಕೆ ಇಳಿದಿರಲಿ. ದಿನದ ಶೋಧನೆ ೧,೧೫೨ ಡೆಸಿಲೀಟರು. ೮೦೦ನ್ನು ೧,೧೫೨ರಿಂದ ಭಾಗಿಸಿದರೆ ಬರುವ ಬೆಲೆ ೦.೭. ಕಾಯಿಲೆಗೆ ಮೊದಲು ೦.೭, ಮನೆಗೆ ಕಳುಹಿಸುವ ದಿನವೂ ೦.೭! ಕಾಗದದ ಮೇಲೆ ಅವನು ಪೂರ್ತಿ ಗುಣವಾಗಿದ್ದಾನೆ. ನಿಜವಾಗಿ ಅವನ ಮೂತ್ರಪಿಂಡದ ಮೂರನೆಯ ಒಂದು ಪಾಲು ಶಕ್ತಿ ಹೋಗಿದೆ. ಕೆರೆಯ ತೂಬು ಕಿರಿದಾಗಿದೆ, ಹಳ್ಳದ ನೀರೂ ಕಡಿಮೆಯಾಗಿದೆ, ಮಟ್ಟ ಮಾತ್ರ ಹಿಂದಿನಷ್ಟೇ ಇದೆ. ಅವನು ಊಟಮಾಡಿ, ಮೈತುಂಬಿಕೊಂಡು, ಎಂದಿನಂತೆ ದುಡಿಯತೊಡಗಿದ ಮೇಲೆ ಸಂಖ್ಯೆಯು ಮೇಲೇರಿ ಸತ್ಯವನ್ನು ಹೇಳುತ್ತದೆ. ಆಗ ಪರೀಕ್ಷೆ ಮಾಡಿದವರಿದ್ದರೆ ಮಾತ್ರ ಅದು ತಿಳಿಯುತ್ತದೆ. ಮಾಂಸಖಂಡಗಳನ್ನು ಅವಲಂಬಿಸದ ಸಿಸ್ಟಾಟಿನ್-ಸಿ ಎಂಬ ಇನ್ನೊಂದು ವಸ್ತುವಿನ ಪರೀಕ್ಷೆಯೂ ಈಗ ಉಂಟು. ಆದರೆ ಅದು ಎಲ್ಲ ಊರುಗಳಲ್ಲಿಯೂ ಸುಲಭವಾಗಿ ದೊರೆಯುವುದಿಲ್ಲ.

ಉಳಿದವುಗಳ ಮೇಲಿನ ಹೊರೆ

ಮೂರನೆಯ ಒಂದು ಪಾಲು ಹೋದರೇನಾಯಿತು, ಒಂದೇ ಮೂತ್ರಪಿಂಡದಿಂದ ಬದುಕುವವರೂ ಇಲ್ಲವೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ಯೋಗ್ಯವಾದುದೇ. ಆರೋಗ್ಯವಾದ ಒಂದು ಮೂತ್ರಪಿಂಡಕ್ಕೂ ಗಾಯಗೊಂಡ ಎರಡು ಮೂತ್ರಪಿಂಡಗಳಿಗೂ ವ್ಯತ್ಯಾಸವಿದೆ. ಗಾಯವು ಮಾಯುವಾಗ ಕೆಲವೆಡೆ ನಾರಿನಂತಹ ಕಲೆ ಕಟ್ಟಿಕೊಳ್ಳುತ್ತದೆ. ನಾಶವಾದ ನೆಫ್ರಾನುಗಳ ಕೆಲಸವನ್ನು ಉಳಿದವು ಹೊತ್ತುಕೊಳ್ಳುತ್ತವೆ. ಅವುಗಳ ಜರಡಿಗಳ ಮೇಲಿನ ಒತ್ತಡ ಹೆಚ್ಚುತ್ತದೆ. ಬಹುಕಾಲ ಹೆಚ್ಚಿನ ಒತ್ತಡವನ್ನು ತಡೆದ ಜರಡಿಯು ತಾನೂ ಸವೆಯುತ್ತದೆ, ಅದರ ಹೊರೆಯು ಇನ್ನೂ ಕಡಿಮೆ ಸಂಖ್ಯೆಯ ನೆಫ್ರಾನುಗಳ ಮೇಲೆ ಬೀಳುತ್ತದೆ. ಈ ಸವೆತದ ಮೊದಲ ಸುಳಿವು ಮೂತ್ರದಲ್ಲಿ ಆಲ್ಬುಮಿನ್ ಸೋರುವುದು. ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ಮುಂಚೆ ಅದು ಕಾಣಿಸಿಕೊಳ್ಳಬಹುದು.

ಹಠಾತ್ ಘಾತದಿಂದ ಬದುಕಿದವರು ಪೂರ್ತಿಯಾಗಿ ಗುಣಹೊಂದುತ್ತಾರೆಂದು ವೈದ್ಯಲೋಕವೇ ಬಹುಕಾಲ ನಂಬಿತ್ತು. ಸಾವಿರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಈ ನಂಬಿಕೆಯನ್ನು ಬದಲಾಯಿಸಿದುವು. ಅಂತಹ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೧೨ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯ ಪ್ರಕಾರ, ಘಾತಕ್ಕೆ ಗುರಿಯಾದವರಿಗೆ ಮುಂದೆ ದೀರ್ಘಕಾಲದ ಮೂತ್ರಪಿಂಡ ರೋಗ ಬರುವ ಸಂಭವವು ಇತರರಿಗಿಂತ ಸುಮಾರು ಒಂಬತ್ತು ಪಟ್ಟು ಹೆಚ್ಚು. ಡಯಾಲಿಸಿಸ್ ಬೇಕಾಗುವ ಕೊನೆಯ ಹಂತವನ್ನು ಮುಟ್ಟುವ ಸಂಭವ ಸುಮಾರು ಮೂರು ಪಟ್ಟು ಹೆಚ್ಚು. ಎಲ್ಲರಿಗೂ ಹೀಗಾಗುತ್ತದೆಂದು ಇದರ ಅರ್ಥವಲ್ಲ. ಯಾರಿಗೆ ಆಗುತ್ತದೆಂಬುದನ್ನು ಪರೀಕ್ಷೆಯಿಲ್ಲದೆ ಹೇಳಲಾಗದು ಎಂಬುದೇ ಇದರ ಅರ್ಥ.

ಸಿಂಧನೂರು ಸೀಮೆಯವರಿಗೆ ಈ ಮಾತನ್ನು ಬಹಳ ವಿವರಿಸಬೇಕಾಗಿಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಜಲಾಶಯದ ೩೩ ಕ್ರೆಸ್ಟ್ ಗೇಟುಗಳಲ್ಲಿ ೧೯ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒಂದು ವಾರದಲ್ಲಿ ತಾತ್ಕಾಲಿಕವಾದ ಉಕ್ಕಿನ ತಡೆಗಳನ್ನಿಳಿಸಿ ಹರಿವನ್ನು ನಿಲ್ಲಿಸಲಾಯಿತು. ಆ ವರ್ಷವೇ ಮಳೆ ಬಂದು ಜಲಾಶಯವು ಮತ್ತೆ ತುಂಬಿತು. ನೀರು ತುಂಬಿತೆಂದು ತಜ್ಞರು ಸುಮ್ಮನಾಗಲಿಲ್ಲ. ಉಳಿದ ಗೇಟುಗಳ ಬಲವನ್ನೂ ಪರೀಕ್ಷಿಸಿದರು. ಅದರ ಫಲವಾಗಿ ೨೦೨೫ರ ಮಳೆಗಾಲದಲ್ಲಿ ಸಂಗ್ರಹವನ್ನು ಸುಮಾರು ೧೦೫ ಟಿ.ಎಂ.ಸಿ.ಯ ಬದಲು ೮೦ ಟಿ.ಎಂ.ಸಿ.ಗೆ ಮಿತಿಗೊಳಿಸಲಾಯಿತು. ಮೂತ್ರಪಿಂಡದ ವಿಷಯದಲ್ಲಿಯೂ ನಡೆಯಬೇಕಾದುದು ಇದೇ: ಉಳಿದುದರ ಬಲವನ್ನು ಅಳೆಯುವುದು, ಅದಕ್ಕೆ ತಕ್ಕಂತೆ ಹೊರೆಯನ್ನು ಮಿತಗೊಳಿಸುವುದು. ಗೇಟನ್ನಾದರೆ ಹೊಸದಾಗಿ ಮಾಡಿಸಬಹುದು, ನೆಫ್ರಾನನ್ನು ಮಾಡಿಸಲಾಗದು.

ಯಾವಾಗ ಏನನ್ನು ನೋಡಬೇಕು?

ಮನೆಗೆ ಹೊರಡುವ ದಿನ ರೋಗಿಯ ಕೈಯಲ್ಲಿರುವ ಕಾಗದದ ಮೇಲೆ ಮೂರು ಕ್ರಿಯಾಟಿನಿನ್ ಬೆಲೆಗಳಿರಬೇಕು: ಕಾಯಿಲೆಗೆ ಮೊದಲಿನದು ತಿಳಿದಿದ್ದರೆ ಅದು, ಅತಿ ಹೆಚ್ಚಾಗಿ ಏರಿದ್ದುದು, ಮತ್ತು ಆ ದಿನದ್ದು. ಇವುಗಳೊಂದಿಗೆ ದೇಹದ ತೂಕ, ರಕ್ತದ ಒತ್ತಡ, ಕಾಯಿಲೆಯ ಕಾರಣ, ಮುಂದುವರಿಸಬೇಕಾದ ಔಷಧಿಗಳು, ನಿಲ್ಲಿಸಿದ ಔಷಧಿಗಳು ಇವೂ ಇರಬೇಕು. ಬರೆದಿರದಿದ್ದರೆ ವೈದ್ಯರನ್ನು ಕೇಳಿ ಬರೆಯಿಸಿಕೊಳ್ಳುವುದು ರೋಗಿಯ ಹಕ್ಕು.

ಮೊದಲ ಒಂದೆರಡು ವಾರಗಳೊಳಗೆ, ವೈದ್ಯರು ಹೇಳಿದ ದಿನ, ಕ್ರಿಯಾಟಿನಿನ್ನನ್ನೂ ಪೊಟ್ಯಾಸಿಯಂ ಮತ್ತು ಸೋಡಿಯಂಗಳನ್ನೂ ಪರೀಕ್ಷಿಸಬೇಕು. ಘಾತವು ತೀವ್ರವಾಗಿದ್ದರೆ ಈ ಅವಧಿ ಇನ್ನೂ ಹತ್ತಿರವಾಗುತ್ತದೆ. ಸಾಧ್ಯವಾದಷ್ಟೂ ಒಂದೇ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಮಾಡಿಸುವುದು ಮೇಲು. ಬೇರೆ ಬೇರೆ ಉಪಕರಣಗಳ ಅಳತೆಗಳಲ್ಲಿ ಸಣ್ಣ ವ್ಯತ್ಯಾಸವಿರುತ್ತದೆ, ನಾವು ಹುಡುಕುತ್ತಿರುವುದೂ ಸಣ್ಣ ವ್ಯತ್ಯಾಸವನ್ನೇ. ಮನೆಯಲ್ಲಿ ದಿನವೂ ಬೆಳಗ್ಗೆ ಒಂದೇ ತೂಕದ ಯಂತ್ರದ ಮೇಲೆ ನಿಂತು ತೂಕವನ್ನು ಬರೆದಿಡುವುದು ಬಹು ಉಪಯುಕ್ತವಾದ ಅಭ್ಯಾಸ. ಎರಡು ಮೂರು ದಿನಗಳಲ್ಲಿ ಎರಡು ಕಿಲೋ ಹೆಚ್ಚಿದರೆ ಅದು ಕೊಬ್ಬಲ್ಲ, ನೀರು. ಅಷ್ಟೇ ಕಡಿಮೆಯಾದರೂ ಅದು ನೀರೇ. ಕಾಲು ಬಾವು, ಉಸಿರಾಟದ ತೊಂದರೆ, ಮೂತ್ರ ಕಡಿಮೆಯಾಗುವುದು, ತೀರ ನಿಶ್ಶಕ್ತಿ ಇವುಗಳಲ್ಲಿ ಯಾವುದು ಕಂಡರೂ ನಿಗದಿಯಾದ ದಿನಕ್ಕಾಗಿ ಕಾಯಬಾರದು.

ಮನೆಗೆ ಬಂದ ಮೇಲೂ ಡಯಾಲಿಸಿಸ್ ಬೇಕಾಗಿರುವವರ ಮಾತು ಸ್ವಲ್ಪ ಬೇರೆ. ಒಮ್ಮೆ ಯಂತ್ರಕ್ಕೆ ಹೋದ ಮೇಲೆ ಜೀವಾವಧಿ ಅದೇ ಗತಿಯೆಂದು ಇವರು ನಿರಾಶರಾಗಬಾರದು. ವಾರಗಟ್ಟಲೆ ಕಾಲದ ನಂತರ ಶೋಧನೆಯು ಮರಳಿ ಬಂದು ಯಂತ್ರವನ್ನು ಬಿಟ್ಟವರು ಎಷ್ಟೋ ಮಂದಿ. ಆದರೆ ಶೋಧನೆ ಮರಳುತ್ತಿದೆಯೇ ಎಂಬುದನ್ನು ಆಗಿಂದಾಗ ಪರೀಕ್ಷಿಸಿದರೆ ಮಾತ್ರ ಅದು ಗೊತ್ತಾಗುತ್ತದೆ. ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವು ೨೦೧೬ರಲ್ಲಿ ಪ್ರಾರಂಭವಾಯಿತು. ಕರ್ನಾಟಕದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಘಟಕಗಳುಂಟು.

ಮೂರನೆಯ ತಿಂಗಳ ಪರೀಕ್ಷೆಯು ಎಲ್ಲಕ್ಕಿಂತ ಮುಖ್ಯವಾದುದು. ಅಷ್ಟು ಹೊತ್ತಿಗೆ ದುರಸ್ತಿಯ ಕೆಲಸ ಬಹುಮಟ್ಟಿಗೆ ಮುಗಿದಿರುತ್ತದೆ, ಮಾಂಸಖಂಡಗಳೂ ಮರಳಿರುತ್ತವೆ, ಸಂಖ್ಯೆಗಳು ಸ್ಥಿರವಾಗಿರುತ್ತವೆ. ನಾವು ಮೇಲೆ ಹೇಳಿದ ಭ್ರಮೆಗಳಲ್ಲಿ ಬಹುಪಾಲು ತಾವಾಗಿಯೇ ಕಳಚಿಬಿದ್ದಿರುತ್ತವೆ. ಅಂದು ಮೂರು ಪರೀಕ್ಷೆಗಳು ಬೇಕು: ರಕ್ತದ ಕ್ರಿಯಾಟಿನಿನ್, ಮೂತ್ರದ ಆಲ್ಬುಮಿನ್, ರಕ್ತದ ಒತ್ತಡ. ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ೩೦ ಮಿಲಿಗ್ರಾಮಿಗಿಂತ ಕಡಿಮೆ ಆಲ್ಬುಮಿನ್ ಇರುವುದು ಸಾಮಾನ್ಯ. ಒತ್ತಡವು ೧೩೦/೮೦ನ್ನು ಮೀರುತ್ತಿದ್ದರೆ ವೈದ್ಯರ ಗಮನಕ್ಕೆ ತರಬೇಕು. ಮೂರೂ ಸರಿಯಾಗಿದ್ದರೆ ಮುಂದೆ ವರ್ಷಕ್ಕೊಮ್ಮೆ ನೋಡಿಸಿಕೊಂಡರೆ ಸಾಕಾಗಬಹುದು. ಒಂದು ಕೆಟ್ಟಿದ್ದರೂ ಅದು ದೀರ್ಘಕಾಲದ ರೋಗದ ಪ್ರಾರಂಭವಾಗಿರಬಹುದು. ಆ ಹಂತದಲ್ಲಿ ರೋಗದ ವೇಗವನ್ನು ತಗ್ಗಿಸಬಲ್ಲ ಔಷಧಿಗಳಿವೆ. ಹೆರಿಗೆಯ ಸಮಯದಲ್ಲಿ ಇಂತಹ ಘಾತವಾಗಿದ್ದ ಹೆಣ್ಣುಮಕ್ಕಳು ಮುಂದೆ ಗರ್ಭ ನಿಂತಾಗ ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ಇದನ್ನು ತಿಳಿಸಬೇಕು.

ಗುಳಿಗೆ, ನೀರು, ಊಟ

ಗದ್ದೆಯ ಕೆಲಸಕ್ಕೆ ಮರಳಿದವನಿಗೆ ಸೊಂಟನೋವು ಬಾರದಿರುತ್ತದೆಯೇ? ಅಂಗಡಿಗೆ ಹೋಗಿ ಒಂದು ನೋವಿನ ಗುಳಿಗೆ ಕೊಳ್ಳುವುದು ನಮ್ಮಲ್ಲಿ ಚಹ ಕುಡಿದಷ್ಟು ಸಹಜವಾಗಿದೆ. ಇದರಲ್ಲಿ ಅಪಾಯವುಂಟು. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡವು ತನ್ನ ಒಳಬರುವ ರಕ್ತನಾಳಗಳನ್ನು ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುಗಳ ನೆರವಿನಿಂದ ತೆರೆದಿಟ್ಟುಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳಂತಹ ಗುಳಿಗೆಗಳು ನೋವಿನ ಜೊತೆಗೆ ಈ ರಕ್ಷಣೆಯನ್ನೂ ಅಡಗಿಸುತ್ತವೆ. ಬಿಸಿಲು, ಬೆವರು, ಗುಳಿಗೆ ಈ ಮೂರೂ ಒಂದೇ ದಿನ ಸೇರಿದರೆ ಮಾಯುತ್ತಿರುವ ಮೂತ್ರಪಿಂಡಕ್ಕೆ ಎರಡನೆಯ ಪೆಟ್ಟು ಬೀಳಬಹುದು. ಏನೇನು ಸೇರಿದೆಯೆಂದು ತಿಳಿಯದ ಪುಡಿ, ಭಸ್ಮ, ಕಷಾಯಗಳಿಗೂ ಇದೇ ಎಚ್ಚರಿಕೆ. ರಕ್ತದ ಒತ್ತಡಕ್ಕೂ ಸಕ್ಕರೆ ಕಾಯಿಲೆಗೂ ಹಿಂದೆ ಸೇವಿಸುತ್ತಿದ್ದ ಗುಳಿಗೆಗಳಲ್ಲಿ ಕೆಲವನ್ನು ಆಸ್ಪತ್ರೆಯಲ್ಲಿ ನಿಲ್ಲಿಸಿರುತ್ತಾರೆ. ಅವನ್ನು ತಾವಾಗಿ ಮತ್ತೆ ತೊಡಗುವುದೂ ತಪ್ಪು, ಶಾಶ್ವತವಾಗಿ ಬಿಟ್ಟುಬಿಡುವುದೂ ತಪ್ಪು. ಯಾವಾಗ ತೊಡಗಬೇಕೆಂದು ಮೊದಲ ಭೇಟಿಯಲ್ಲಿಯೇ ಕೇಳಿ ತಿಳಿಯಬೇಕು.

ನೀರನ್ನು ಎಷ್ಟು ಕುಡಿಯಬೇಕೆಂಬುದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಮೂತ್ರ ಹೆಚ್ಚಾಗಿ ಹೋಗುತ್ತಿರುವವನಿಗೆ ಹೆಚ್ಚು ಬೇಕು, ಕಾಲು ಬಾತಿರುವವನಿಗೆ ಕಡಿಮೆ ಸಾಕು. ಬರೆದಿಟ್ಟ ತೂಕವೇ ಇದಕ್ಕೆ ಒಳ್ಳೆಯ ದಾರಿದೀಪ. ಉಪ್ಪು ದಿನಕ್ಕೆ ಐದು ಗ್ರಾಂ, ಎಂದರೆ ಒಂದು ಸಣ್ಣ ಚಮಚವನ್ನು ಮೀರಬಾರದು. ಉಪ್ಪಿನಕಾಯಿ ಹಪ್ಪಳಗಳ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ. ಎಳನೀರನ್ನು ರೋಗಿಗೆ ಅಮೃತವೆಂದು ಕೊಡುವ ಪದ್ಧತಿಯುಂಟು. ಅದರಲ್ಲಿ ಪೊಟ್ಯಾಸಿಯಂ ಬಹಳ. ರಕ್ತದಲ್ಲಿ ಪೊಟ್ಯಾಸಿಯಂ ಏರಿರುವವನಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಲ್ಲುದು. ಆದುದರಿಂದ ರಕ್ತಪರೀಕ್ಷೆಯ ಫಲವನ್ನು ನೋಡಿದ ಮೇಲೆ ಕೊಡುವುದು ಕ್ಷೇಮ. ರೊಟ್ಟಿ, ಬೇಳೆ, ಹಾಲುಗಳನ್ನೆಲ್ಲ ಬಿಡಿಸಿ ರೋಗಿಯನ್ನು ಗಂಜಿಯ ಮೇಲಿಡುವುದೂ ಸರಿಯಲ್ಲ. ಕರಗಿದ ಮಾಂಸಖಂಡಗಳು ಮತ್ತೆ ಬೆಳೆಯಲು ಪ್ರೋಟೀನು ಬೇಕು.

ತೊಂಬತ್ತನೆಯ ದಿನ

ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಜುಲೈ ಆಗಸ್ಟ್ ತಿಂಗಳುಗಳಲ್ಲಿ ಸಿಂಧನೂರು ಮಸ್ಕಿಗಳ ಗದ್ದೆಗಳಲ್ಲಿ ನಾಟಿ ನಡೆಯುತ್ತದೆ. ಹಾವು ಕಡಿಯುವ ಸಂಭವವೂ ಮಳೆಗಾಲದಲ್ಲಿಯೇ ಹೆಚ್ಚು. ಆಗಸ್ಟಿನಲ್ಲಿ ಘಾತಕ್ಕೆ ಗುರಿಯಾಗಿ ಬದುಕಿದವನಿಗೆ ಮೂರನೆಯ ತಿಂಗಳ ಪರೀಕ್ಷೆಯು ನವೆಂಬರಿನಲ್ಲಿ ಬರುತ್ತದೆ. ಅದು ಭತ್ತದ ಕೊಯ್ಲಿನ ಕಾಲ! ಮೈಯಲ್ಲಿ ನೋವಿಲ್ಲ, ಮೂತ್ರ ಚೆನ್ನಾಗಿ ಹೋಗುತ್ತಿದೆ, ಪೈರು ಹೊಲದಲ್ಲಿ ನಿಂತಿದೆ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯು ಸಿಂಧನೂರಿನಿಂದಲೂ ಲಿಂಗಸುಗೂರಿನಿಂದಲೂ ಎಂಬತ್ತು ತೊಂಬತ್ತು ಕಿಲೋಮೀಟರು ದೂರ. ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತೆಂದೇ ಅರ್ಥ. ಇಂತಹ ಸ್ಥಿತಿಯಲ್ಲಿ ಪರೀಕ್ಷೆಯು ತಪ್ಪಿಹೋಗುವುದು ಆಶ್ಚರ್ಯವಲ್ಲ.

ಆದರೆ ಮೂರು ಪರೀಕ್ಷೆಗಳೂ ಸರಳವಾದುವು. ಒತ್ತಡವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ನೋಡಬಹುದು. ರಕ್ತ ಮತ್ತು ಮೂತ್ರಗಳ ಪರೀಕ್ಷೆಗೆ ತಾಲ್ಲೂಕಿನ ಊರು ಸಾಕು. ಫಲವು ಸರಿಯಿಲ್ಲದಿದ್ದರೆ ಮಾತ್ರ ದೂರದ ಪ್ರಯಾಣ. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಸಾರಿದೆ. ಕಡಿತದ ಲೆಕ್ಕವನ್ನು ಸರ್ಕಾರವು ಇಡುತ್ತದೆ. ಕಡಿತದ ಬಳಿಕ ತೊಂಬತ್ತನೆಯ ದಿನದ ಲೆಕ್ಕವನ್ನು ಮನೆಯವರೇ ಇಡಬೇಕು.

ಈ ಕೆಲಸದಲ್ಲಿ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಪಾತ್ರವುಂಟೆಂದು ನಾವು ಭಾವಿಸುತ್ತೇವೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ವರದಿಯನ್ನು ಓದಬಲ್ಲವರು ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ಮಕ್ಕಳೇ. ಮನೆಯಲ್ಲಿ ಅಥವಾ ನೆರೆಯಲ್ಲಿ ಇಂತಹ ರೋಗಿಯಿದ್ದರೆ ಒಂದು ನೋಟುಪುಸ್ತಕವನ್ನು ತೆರೆದು ದಿನಾಂಕ, ತೂಕ, ಒತ್ತಡ, ಕ್ರಿಯಾಟಿನಿನ್ ಎಂದು ನಾಲ್ಕು ಕಂಬಸಾಲುಗಳನ್ನು ಎಳೆಯಿರಿ. ಆಸ್ಪತ್ರೆಯಿಂದ ಬಂದ ದಿನಕ್ಕೆ ತೊಂಬತ್ತನ್ನು ಕೂಡಿಸಿ, ಆ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತುಮಾಡಿ. ಕೊಯ್ಲು ಅಂದೇ ಬಂದರೆ ಪರೀಕ್ಷೆಯನ್ನು ನಾಲ್ಕು ದಿನ ಮುಂದೂಡಿದರೂ ಹಾನಿಯಿಲ್ಲ, ಮರೆಯಬಾರದು ಅಷ್ಟೆ.